ನಿಮ್ಮವ್ವನ ತಣ್ಣನೆಯ ಉಂಗುರಗಳು

ನಿಮ್ಮ ಅವ್ವ, ನನ್ನ ಮಗಳು, ಏನು ಕೆಲಸ ಮಾಡುತ್ತಿದ್ದಳು ಎಂದು ನೀವು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಎದ್ದು ಹೋಗಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ನಿಮ್ಮ ಅಜ್ಜನದು ಕಮ್ಮಾರಿಕೆ. ಕುಡುಗೋಲಿಗೆ ಹಲ್ಲು ಕೊರೆಯುವ ಮೊದಲು ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಡುತ್ತಿದ್ದರು. ನಿಧಾನವಾಗಿ ಆರಿದರೆ ಕಬ್ಬಿಣ ಮೆತ್ತಗಾಗುತ್ತದೆ. ಒಮ್ಮೆ ನಾನು ಆರಿತೋ ಇಲ್ಲವೋ ಎಂದು ಬೂದಿ ಕೆದರಿ ನೋಡಿದೆ. ಗಾಳಿ ತಾಗಿ ಗಡುಸಾಗಿದ್ದ ಆ ಕುಡುಗೋಲು ಆಮೇಲೆ ಉಳಿ ಇಟ್ಟು ಹೊಡೆದ ಕೂಡಲೇ ಸೀಳಿಹೋಯಿತು.

“ಬೂದ್ಯಾಗ ಇಟ್ಟಿದ್ದನ್ನ ಕೆದರಬ್ಯಾಡ,” ಎಂದರು ಅಜ್ಜ. “ಅದೇನು ಅನ್ನದ ಗಡಿಗಿ ಅಲ್ಲ, ಅಗಳು ಹಿಚುಕಿ ನೋಡಾಕ.”

ಅಜ್ಜ ತೀರಿಕೊಂಡ ಮೇಲೆ ಕುಲುಮೆ ನಿಂತಿತು. ನಿಮ್ಮ ಅವ್ವ ಓದುತ್ತ ಓದುತ್ತ ದೂರದ ಊರಿನ ಪ್ರಯೋಗಾಲಯ ಸೇರಿದಳು. ರಜೆಗೆ ಬಂದಾಗ ಹಳೆಯ ಕುಲುಮೆಯ ಪಕ್ಕ ಕೂತು ನನಗೆ ತಿಳಿಸಿ ಹೇಳಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಉಂಗುರ. ಅದನ್ನು ದೊಡ್ಡ ಪೀಪಾಯಿಯಂಥದ್ದರೊಳಗೆ ಮುಚ್ಚಿಟ್ಟು ವಿಪರೀತ ತಣ್ಣಗೆ ಮಾಡಿದರೆ ಕರೆಂಟು ತಡೆಯಿಲ್ಲದೆ ಸುತ್ತುತ್ತದೆ, ಎಡಕ್ಕೂ ಬಲಕ್ಕೂ ಒಟ್ಟಿಗೇ. ಅದಕ್ಕೆ ಕ್ಯೂಬಿಟ್ ಅನ್ನುತ್ತಾರಂತೆ. ಅಂಥ ಎಷ್ಟೋ ಉಂಗುರಗಳನ್ನು ಜೋಡಿಸಿ, ಒಂದು ಬಿಡಿಸಲಾಗದ ಲೆಕ್ಕ ಕೊಟ್ಟು, ನಿಧಾನವಾಗಿ ನೆಲೆಗೆ ಬರಲು ಬಿಡಬೇಕು. ಪ್ರತಿಯೊಂದೂ ಒಂದೊಂದು ದಿಕ್ಕು ಹಿಡಿದು ನಿಂತಾಗ ಅದೇ ಉತ್ತರ. ಅವಸರ ಮಾಡಿದರೆ ತಪ್ಪು ಉತ್ತರದಲ್ಲೇ ಸಿಕ್ಕಿಕೊಳ್ಳುತ್ತವೆ.

“ಅಪ್ಪ ಕುಡುಗೋಲು ಆರಿಸಿದಂಗ ಇದು, ಯವ್ವಾ,” ಎಂದಳು.

“ಅಷ್ಟು ಥಂಡ್ಯಾಗ ಹೆಂಗ ಕುಂದರ್ತಿ? ಒಂದು ಕೌದಿ ಒಯ್ಯಿ.”

“ಥಂಡಿ ಪೀಪಾಯಿ ಒಳಗಬೇ. ನಾ ಹೊರಗ ಇರ್ತೀನಿ,” ಎಂದು ನಕ್ಕಳು.

ಮುಂದೆ ಒಂದು ದಿನ ಫೋನು ಮಾಡಿದಳು. ನಾನೇ ಮಾಡಿದ ಉಂಗುರಗಳನ್ನು ಇಂಥ ದಿನ ಒಳಗಿಟ್ಟು ಪೀಪಾಯಿ ಮುಚ್ಚುತ್ತೇವೆ, ಮುಚ್ಚಿದರೆ ತಿಂಗಳುಗಟ್ಟಲೆ ತೆಗೆಯುವುದಿಲ್ಲ, ನೋಡಲು ಬಾ ಎಂದಳು.

“ಅವತ್ತ ಅಮಾಸಿ ಐತಿ,” ಎಂದೆ. “ಅಮಾಸಿ ದಿನ ನಾವು ಕಬ್ಬಿಣ ಮುಟ್ಟಂಗಿಲ್ಲ.”

“ಅದು ಕಬ್ಬಿಣ ಅಲ್ಲಬೇ.”

“ಯಾವುದಾದರ ಏನು, ಕಾಸಿ ಬಡಿಯೂದು ಎಲ್ಲಾ ಒಂದ.”

“ಇದನ್ನ ಯಾರೂ ಬಡಿಯಂಗಿಲ್ಲ,” ಎಂದಳು. “ಆತು ಬಿಡು. ಮುಂದಿನ ಸಲ ತಗದಾಗ ಬಾ.”

ಅಮಾವಾಸ್ಯೆ ಬರೀ ನೆಪ. ಓದಿದವರ ನಡುವೆ ಹೋಗಿ ನಿಲ್ಲಲು ನನಗೆ ನಾಚಿಕೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಪೀಪಾಯಿ ತೆಗೆಯುವ ಮೊದಲೇ ಜ್ವರ ಬಂದು ಅವಳು ಹೋಗಿಬಿಟ್ಟಳು.

ನಿಮ್ಮಿಬ್ಬರನ್ನು ಕುಷ್ಟಗಿಯಲ್ಲಿ ನಿಮ್ಮ ಅತ್ತೆಯ ಹತ್ತಿರ ಬಿಟ್ಟು, ಅವಳ ಸಾಮಾನು ತರಲು ಕೊಪ್ಪಳದಲ್ಲಿ ರೈಲು ಹತ್ತಿದೆ. ಅವಳ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ಕೈಹಿಡಿದು ನನ್ನನ್ನು ಒಳಗೆ ಕರೆದೊಯ್ದಳು. ಮೇಲಿನಿಂದ ಇಳಿಬಿದ್ದ ದೊಡ್ಡ ಬಿಳಿ ಪೀಪಾಯಿ. ನಿಮ್ಮ ಅವ್ವನ ಉಂಗುರಗಳು ಅದರೊಳಗೆ ಇನ್ನೂ ಲೆಕ್ಕ ಬಿಡಿಸುತ್ತಿದ್ದವು.

“ನೋಡಬೇಕು ಅಂದ್ರೆ ಬೆಚ್ಚಗೆ ಮಾಡಿ ತೆಗೀತೀವಿ ಅಮ್ಮ,” ಎಂದಳು ಆಕೆ. “ಕೆಲಸ ನಿಲ್ಲುತ್ತೆ. ಪರವಾಗಿಲ್ಲ.”

ನೋಡಬೇಕಿತ್ತು. ಸಾಮಾನಿನ ನೆಪ ಮಾಡಿಕೊಂಡು ಅದಕ್ಕೇ ಹೋಗಿದ್ದೆ.

“ಬ್ಯಾಡ್ರಿ,” ಎಂದೆ. “ಬೂದ್ಯಾಗ ಇಟ್ಟಿದ್ದನ್ನ ಕೆದರಬಾರದು.”

ಆಕೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅಜ್ಜನ ಆ ಮಾತನ್ನು ನಿಮ್ಮ ಅವ್ವ ಅಲ್ಲಿ ಎಲ್ಲರಿಗೂ ಹೇಳಿದ್ದಳಂತೆ.

ಹೊರಡುವ ಮೊದಲು ಪೀಪಾಯಿಯ ಮೇಲೆ ಅಂಗೈ ಇಟ್ಟೆ. ಒಳಗಿನ ಥಂಡಿಯಲ್ಲಿ ಒಂದಿಷ್ಟಾದರೂ ಕೈಗೆ ಹತ್ತೀತು ಎಂದುಕೊಂಡಿದ್ದೆ. ಹೊರಗಿನ ತಗಡು ಆ ಕೋಣೆಯಷ್ಟೇ ಬೆಚ್ಚಗಿತ್ತು.