ಉಡಿದಾರದ ಕೆಳಗೆ

ಮೊನ್ನೆ ಅಟ್ಟ ಗುಡಿಸುವಾಗ ನನ್ನ ಹಳೆಯ ಬ್ಯಾಡ್ಮಿಂಟನ್ ಬ್ಯಾಟು ಸಿಕ್ಕಿತು. ಕುರಿಯ ಕರುಳಿನಿಂದ ಹೊಸೆದ ಹೆಣಿಗೆಯ ತಂತಿ, ಗಟ್ಟು, ಸಡಿಲವಾಗಿ ಜೋತುಬಿದ್ದಿತ್ತು. ಮೂಗಿನ ಹತ್ತಿರ ಹಿಡಿದೆ. ಅದೇ ಕಮಟು ವಾಸನೆ...

ಮಹಾರಾಜರ ಕಾಲದ ಹುಣಸೂರಿನಲ್ಲಿ ಬ್ಯಾಟಿಗೆ ಗಟ್ಟು ಬಿಗಿಯುತ್ತಿದ್ದ ಸಾಬರು ಒಬ್ಬರೇ. ನಾವು ಚಾಚಾ ಎನ್ನುತ್ತಿದ್ದೆವು. ಹಳದಿ ಉಣ್ಣೆಚೆಂಡಿನ ಬ್ಯಾಡ್ಮಿಂಟನ್ ಕಾನೂನನ್ನೆಲ್ಲ ನಮಗೆ ಹೊಡೆದು ಕಲಿಸಿದವರೂ ಅವರೇ. ಒಂದು ಕಡೆಗೆ ಐವರು. ಬಲೆ ಮುಟ್ಟಿದರೆ ತಪ್ಪು, ಚೆಂಡು ಗೆರೆಯ ಮೇಲೆ ಬಿದ್ದರೆ ಸರಿ. ಸರ್ವೀಸನ್ನು ಮಾತ್ರ ಸೊಂಟದ ಕೆಳಗಿನಿಂದಲೇ ಹೊಡೆಯಬೇಕು. ಸೊಂಟ ಎಲ್ಲಿದೆ ಎಂಬ ತಕರಾರೇ ಬೇಡವೆಂದು ನಮ್ಮ ಉಡಿದಾರವನ್ನು ಅಂಗಿಯ ಮೇಲೆ ಕಟ್ಟಿಸುತ್ತಿದ್ದರು.

"ಉಡ್ದಾರದ ಮ್ಯಾಕ್ ಬಂದ್ರೆ ಫಾಲ್ಟ್ ಕಣ್ಲಾ" ಎನ್ನುತ್ತ ಮುರಿದ ಬ್ಯಾಟಿನ ಹಿಡಿಯಿಂದ ಮಣಿಕಟ್ಟಿಗೆ ಬಿಗಿಯುತ್ತಿದ್ದರು. ಊದಿದ ಕೈಗೆ ಆಮೇಲೆ ತಾವೇ ಎಣ್ಣೆ ತಿಕ್ಕುತ್ತಿದ್ದರು.

ನನಗೆ ಇಪ್ಪತ್ತೆರಡು ತುಂಬಿದ ವರ್ಷ ಪಿರಿಯಾಪಟ್ಟಣದವರ ಮೇಲೆ ಫೈನಲ್ ಇತ್ತು. ಚಾಚಾ ಅಂಪೈರು. ಒಂದೇ ಚೆಂಡಿಗೆ ಇಬ್ಬರು ನುಗ್ಗಿ, ನಮ್ಮವನ ಬ್ಯಾಟೇ ನನ್ನ ಹುಬ್ಬು ಸೀಳಿತ್ತು. ರಕ್ತ ಒರೆಸಿಕೊಂಡೇ ಆಡುತ್ತಿದ್ದೆ. ನಮ್ಮದು ಇಪ್ಪತ್ತೆಂಟು, ಅವರದು ಇಪ್ಪತ್ತೇಳು. ಇನ್ನೊಂದು ಪಾಯಿಂಟು ಬಂದರೆ ಗೆಲುವು ನಮ್ಮದು. ಸರ್ವೀಸು ನನ್ನದಾಗಿತ್ತು. ಹೊಡೆದೆ, ಅವರಿಗೆ ಎತ್ತಲಾಗಲಿಲ್ಲ. ನಮ್ಮ ಜನ ಕುಣಿಯುತ್ತ ಒಳಗೆ ನುಗ್ಗುವಷ್ಟರಲ್ಲಿ ಚಾಚಾ "ಫಾಲ್ಟ್" ಎಂದರು.

ಇಲ್ಲ ಎಂದು ಕೂಗಾಡಿದೆ.

"ಉಡ್ದಾರ ಮುಟ್ ನೋಡ್ಕೊ ಮಗಾ" ಎಂದು ನನ್ನ ಸೊಂಟದತ್ತ ಕೈ ಚಾಚಿದರು.

ಪಿರಿಯಾಪಟ್ಟಣದವರು ಗೊಳ್ಳೆಂದು ನಕ್ಕರು. ಆ ನಗು ಕಿವಿಗೆ ಬಿದ್ದದ್ದಷ್ಟೇ ಗೊತ್ತು... ಬ್ಯಾಟನ್ನು ಅಡ್ಡ ಹಿಡಿದು, ಮರದ ಅಂಚಿನಿಂದ ಚಾಚಿದ ಕೈಗೆ ಬಾರಿಸಿದೆ. ಮೂಳೆ ಲಟಕ್ಕೆಂದಿತು. ಕೈ ಹಿಡಿದುಕೊಂಡು ಕುಸಿದವರ ಬೆನ್ನಿಗೆ ಇನ್ನೊಂದು ಏಟು ಹಾಕಿದೆ. ಯಾರೂ ನನ್ನನ್ನು ತಡೆಯಲಿಲ್ಲ. ನಮ್ಮವರು ದೊಂಬಿ ಎಬ್ಬಿಸಿ ಗೆಲುವು ಬರೆಸಿಕೊಂಡರು. ಸಾಬರಿಗೆ ಕಣ್ಣು ಮಂಜಾಗಿದೆ ಎಂದು ಊರೆಲ್ಲ ಹಬ್ಬಿಸಿದರು. ನಾನೂ ಹಬ್ಬಿಸಿದೆ.

ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಆ ಕೈ ಮತ್ತೆ ಗಟ್ಟು ಬಿಗಿಯಲಿಲ್ಲ. ಅವರು ಅಂಗಡಿ ಖಾಲಿ ಮಾಡುತ್ತಿದ್ದಾರೆಂದು ಕೇಳಿ, ತಡೆಯಲಾರದೆ ಹೋದೆ. ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ.

"ಕೈ ಓಯ್ತು ಬುಡು. ಅದು ಫಾಲ್ಟೋ ಅಲ್ವೋ, ಅದೊಂದ್ ಯೋಳು."

ನನ್ನ ಹಿಂದೆ ಬೀದಿಯಲ್ಲಿ ನಮ್ಮ ತಂಡದ ನಾಲ್ವರೂ ನಿಂತಿದ್ದರು.

"ನನ್ಗೆ ಕಾಣ್ಲಿಲ್ಲ ಚಾಚಾ" ಎಂದೆ.

ಅವರು ಎಡಗೈಯಲ್ಲಿ ಬಾಗಿಲು ಎಳೆದುಕೊಂಡರು. ಹೆಗ್ಗಡದೇವನಕೋಟೆಯ ಕಡೆ ಹೋದರಂತೆ. ಅಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷಗಳ ಮೇಲೆ ಯಾರೋ ಹೇಳಿದರು...

ಅಟ್ಟದಲ್ಲಿ ನಿಂತು ಉಡಿದಾರ ಮುಟ್ಟಿ ನೋಡಿಕೊಂಡೆ. ಅವತ್ತು ಬ್ಯಾಟು ಚೆಂಡಿಗೆ ತಾಗಿದ್ದು ಇದಕ್ಕಿಂತ ಒಂದು ಗೇಣು ಮೇಲೆ. ಹೊಡೆದ ಕ್ಷಣವೇ ನನಗೆ ಗೊತ್ತಾಗಿತ್ತು. ಕೇಳಬೇಕಾದವರು ಈಗಿಲ್ಲ.

"ಫಾಲ್ಟೇ ಚಾಚಾ" ಎಂದೆ.

"ಏನಂದ್ರಿ ಮಾವ?" ಕೆಳಗಿನಿಂದ ಸೊಸೆ ಕೇಳಿದಳು.

ಏನಿಲ್ಲಮ್ಮ ಎಂದೆ.