ತೊಗರಿಕಾಳಿನ ಕೆಂಪು

ಸರೋಜಾ ಅಕ್ಕೋರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವರು ಕೂಡಲೇ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಂಗಡಿಯ ತಪಾಸಣೆ ಮುಗಿದಿರುತ್ತಿತ್ತು.

“ಸಾವ್ಕಾರ್ರ, ಮಲ್ಲಿಗಿ ಪೌಡರಿನ ಡಬ್ಬಿ ಒಡದೈತಿ. ಎಡಗಡೆ, ಕೆಳಗ. ಮತ್ತ ಇವತ್ತ ನೀವು ಜಳಕ ಮಾಡಿಲ್ಲ.”

ಎರಡೂ ನಿಜವಾಗಿರುತ್ತಿದ್ದವು.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಇನ್ನು ಕುಷ್ಟಗಿಯ ಹೆಣ್ಣುಮಕ್ಕಳು ಜಿಲ್ಲೆಗೆ ತಕ್ಕಂತೆ ಕಾಣಬೇಕಾದೀತೆಂದು ಊಹಿಸಿ, ನಾನು ಬಸ್ ನಿಲ್ದಾಣದ ಎದುರು ಬಳೆ, ಪೌಡರು, ಮುಖಕ್ಕೆ ಹಚ್ಚುವ ಸ್ನೋ, ಉಗುರುಬಣ್ಣಗಳ ಅಂಗಡಿ ತೆರೆದಿದ್ದೆ. ಅಕ್ಕೋರು ಹೆಣ್ಣುಮಕ್ಕಳ ಸಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಏಳನೆಯ ವಯಸ್ಸಿನಲ್ಲಿ ಸಿಡುಬು ಅವರ ಎರಡೂ ಕಣ್ಣುಗಳನ್ನು ಒಯ್ದಿತ್ತು.

ಮೊದಲ ದಿನ ನೆರೆಮನೆಯ ಹೆಂಗಸೊಬ್ಬಳು ಅವರ ಕೈಹಿಡಿದು ಕರೆತಂದಿದ್ದಳು. “ಯಾವುದರ ಒಂದು ಕೊಟ್ಟುಬಿಡ್ರಿ, ಆಕಿಗೇನು ಕಾಣ್ತೈತಿ?” ಎಂದಳು. ಅಕ್ಕೋರು ಹಿಡಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು.

“ನೋಡಾವ್ರು ನೀವು, ನೋಡಿಸ್ಕೊಳ್ಳಾಕಿ ನಾನು. ಹೆಂಗ ಕಾಣಬೇಕು ಅನ್ನೋದು ನನ್ನ ಬಾಬತ್ತು.”

ಮರುದಿನದಿಂದ ಒಬ್ಬರೇ ಬರತೊಡಗಿದರು. ಒಮ್ಮೆ ಗೋಡೆಗೆ ಹಾಕುವ ದೊಡ್ಡ ಕನ್ನಡಿ ಕೇಳಿದರು. ನಾನು ಬಾಯಿ ತಡೆಯಲಾರದೆ ಯಾಕೆಂದು ಕೇಳಿದೆ.

“ಮನಿಗೆ ಬಂದವ್ರಿಗ್ರಿ. ನನಗ ಕಾಣಂಗಿಲ್ಲ ಅಂತ ಎಲ್ಲಾರೂ ತಲಿ ಕೆದರ್ಕೊಂಡ ಬಂದು ಕುಂದರ್ತಾರ. ಮರ್ಯಾದಿ ಬ್ಯಾಡೇನು?”

ಆದರೆ ಡಬ್ಬಿಗಳ ವಿಷಯದಲ್ಲಿ ಅವರ ಮೂಗೂ ಸೋಲುತ್ತಿತ್ತು. ಮುಚ್ಚಿದ ಸೀಸೆಗೆ ವಾಸನೆಯಿಲ್ಲ, ಬಣ್ಣಕ್ಕಂತೂ ಮೊದಲೇ ಇಲ್ಲ. ಪ್ರತಿಯೊಂದಕ್ಕೂ ನನ್ನನ್ನು ಕೇಳಬೇಕು, ನಾನು ಹೇಳಿದ್ದನ್ನು ನಂಬಬೇಕು. “ಕೈಗೆ ಗೊತ್ತಾಗೋ ಹಂಗ ಒಂದೊಂದು ಅಂಗಿ ಗುಂಡಿ ಅಂಟಿಸ್ರಿ” ಎಂದರು. ಗುಂಡಿ ಮಾರುವ ಮಾಲು, ಕಾಳು ಮನೆಯಲ್ಲಿ ಬೆಳೆದದ್ದು. ಆದ್ದರಿಂದ ನಾನು ಗಂಭೀರವಾಗಿ ಆಲೋಚಿಸಿ ಕಾಳುಗಳನ್ನೇ ಅಂಟಿಸಿದೆ. ಪೌಡರಿಗೆ ಒಂದು ಜೋಳ, ಸ್ನೋಗೆ ಎರಡು. ಉಗುರುಬಣ್ಣದಲ್ಲಿ ಗುಲಾಬಿಗೆ ಕಡಲೆ, ಹಸಿರಿಗೆ ಹೆಸರು, ಕೆಂಪಿಗೆ ತೊಗರಿ. ಅಕ್ಕೋರು ಕಪಾಟಿನ ಮುಂದೆ ನಿಂತು ಹಾರ್ಮೋನಿಯಂ ಮೇಲೆ ಓಡಾಡಿಸಿದಂತೆ ಬೆರಳಾಡಿಸಿ ಬೇಕಾದ್ದನ್ನು ತಾವೇ ಎತ್ತಿಕೊಳ್ಳುತ್ತಿದ್ದರು. ನೋಡನೋಡುತ್ತ ಕಣ್ಣಿದ್ದವರೂ “ಎರಡ ಜ್ವಾಳದ್ದು ಕೊಡ್ರಿ” ಎನ್ನತೊಡಗಿದರು. ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದ ರೈತನೊಬ್ಬ ಅದನ್ನು ಕೇಳಿ ಒಳಬಂದು, ಜೋಳ ಸೇರಿಗೆ ಎಷ್ಟೆಂದು ವಿಚಾರಿಸಿದ್ದೂ ಉಂಟು.

ಈ ಏರ್ಪಾಡಿನ ಸುದ್ದಿ ಕೊನೆಗೆ ಇಲಿಗಳಿಗೂ ಮುಟ್ಟಿತು.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ಕಪಾಟು ಬೋಳು. ಅಂಟನ್ನೂ ಬಿಡದೆ ನೆಕ್ಕಿ ಹೋಗಿದ್ದವು. ನಾನು ಗಡಿಬಿಡಿಯಲ್ಲಿ ಮತ್ತೆ ಕಾಳು ಅಂಟಿಸಲು ಕುಳಿತೆ, ಬೆಳಗಿನ ಮಬ್ಬಿನಲ್ಲಿ, ಚಷ್ಮಾ ಇಲ್ಲದೆ. ಚಷ್ಮಾ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂಬ ಅಭಿಪ್ರಾಯ ನನಗಿತ್ತು. ಕೆಲಸ ಮುಗಿಯುವುದಕ್ಕೂ ಅಕ್ಕೋರು ಬರುವುದಕ್ಕೂ ಸರಿಹೋಯಿತು. ಮರುದಿನ ಗಂಗಾವತಿಯಲ್ಲಿ ಅವರ ಹಾಡುಗಾರಿಕೆ. ದೊಡ್ಡ ವೇದಿಕೆ ಹತ್ತುತ್ತಿದ್ದದ್ದು ಅದೇ ಮೊದಲು.

“ನಮ್ಮವ್ವನ ಇಳಕಲ್ ಸೀರಿ ಉಟಗೊಂಡ ಹೊಂಟೀನ್ರಿ. ಆ ಸೆರಗಿನ ಕೆಂಪೊಂದು ನನಗ ನೆನಪೈತಿ. ಉಳಿದ ಬಣ್ಣ ಎಲ್ಲಾ ಮರತ ಹೋಗ್ಯಾವ. ಉಗುರಿಗೂ ಅದ ಬೇಕು.”

ತಡವಿ, ತೊಗರಿಯ ಸೀಸೆ ಹುಡುಕಿ, ರೊಕ್ಕ ಕೊಟ್ಟು ಇಳಿದರು. ಏನೋ ಅನುಮಾನ ಬಂದು ಚಷ್ಮಾ ಏರಿಸಿ ನೋಡಿದೆ. ತೊಗರಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದ ಸೀಸೆಗಳೆಲ್ಲ ಗಿಳಿಹಸಿರು. ಯಾರೂ ಕೊಳ್ಳದೆ ವರ್ಷದಿಂದ ಕೂತಿದ್ದ ಮಾಲು. ಅಕ್ಕೋರು ಇನ್ನೂ ರಸ್ತೆ ದಾಟುತ್ತಿದ್ದರು. ಕೂಗಿದ್ದರೆ ಕೇಳುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಮಂದಿ ಇದ್ದರು. ಅವರೆದುರು ತಪ್ಪು ಒಪ್ಪಿಕೊಳ್ಳುವುದೆಂದರೆ ನನ್ನ ಘನತೆಗೆ ಕುಂದು. ಹೇಗಿದ್ದರೂ ಕಾಣುವುದಿಲ್ಲವಲ್ಲ ಎಂದುಕೊಂಡೆ. ಕೂಗಲಿಲ್ಲ.

ಮೂರನೆಯ ದಿನ ಬಂದು ಹೊಸ್ತಿಲಲ್ಲಿ ನಿಂತರು. ಉಸಿರೆಳೆದುಕೊಳ್ಳಲಿಲ್ಲ.

“ಗಿಳಿ ಕುಂತು ಹಾರ್ಮೋನಿಯಂ ಪೆಟಗಿ ಬಾರಿಸಿದಂಗ ಕಾಣ್ತಿತ್ತಂತ್ರಿ. ಹಾಡು ಹೆಂಗಿತ್ತು ಅಂತ ಒಬ್ರೂ ಹೇಳವಲ್ರು.”

“ಅಕ್ಕಾರ, ಇಲಿ...” ಎಂದು ಶುರು ಮಾಡಿದೆ. ಆಮೇಲೆ, ಅಭ್ಯಾಸವಿಲ್ಲದಿದ್ದರೂ, ನಿಜ ಹೇಳಿದೆ. “ನೀವು ರಸ್ತಾ ದಾಟೂ ಮುಂದ ಗೊತ್ತಾತ್ರಿ. ಕರೀಲಿಲ್ಲ. ಆದ್ರ ಮಂದಿ ಈಗ ಹಸರಾ ಕೇಳ್ಕೋತ ಬರಾಕತ್ಯಾರ. ಛಲೋನ ಕಂಡೀರಿ.”

“ಮಂದಿಗೆ ಛಲೋ ಕಾಣಲಿ. ನಾ ಕೇಳಿದ್ದು ಅದಲ್ಲ.”

ಹೀಗೆಂದವರೇ ನನ್ನ ಟವೆಲನ್ನು ನನ್ನ ಕಣ್ಣಿಗೇ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟರು. ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬನ್ನು ಹುಡುಕಿ ಹಚ್ಚಿಕೊಳ್ಳಬೇಕು, ಅದೇ ದಂಡ. ನನ್ನ ಅಂಗಡಿ, ನನ್ನ ಕಪಾಟು. ನಗುತ್ತ ಕೈ ಹಾಕಿ, ಒಂದು ಟ್ಯೂಬು ಎತ್ತಿ, ಮುಚ್ಚಳ ತೆಗೆದು ಕೆನ್ನೆಗೆ ಬಳಿದುಕೊಂಡೆ. ಏನೋ ಘಾಟು ಹೊಡೆಯಿತು. ಹೊಸ ಮಾಲಿರಬೇಕು ಎಂದುಕೊಂಡೆ.

“ಮೂಗಿನ ಕೆಳಗ ಹಚ್ಚೀರೇನು?” ಎಂದರು ಅಕ್ಕೋರು. ವಿಧೇಯನಾಗಿ ಎಡಗಡೆ ಹಚ್ಚಿಕೊಂಡೆ. ಬಲಗಡೆಗೆ ಬರುವಷ್ಟರಲ್ಲಿ ಸಾಕು ಎಂದರು. ಆಮೇಲೆ ಗಂಗಾವತಿಯ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಸಾವಕಾಶವಾಗಿ ವರ್ಣಿಸಿ, ಒರೆಸಿಕೊಳ್ಳಲು ಹೇಳಿದರು.

ಟವೆಲಿನ ಜೊತೆ ಎಡಮೀಸೆಯೂ ಬಂತು. ಅದು ಕೂದಲು ತೆಗೆಯುವ ಕ್ರೀಮು.

“ಅಕ್ಕಾರ, ನಿಮಗ ವಾಸನಿ ಬರಲಿಲ್ಲೇನ್ರಿ?”

“ಮುಚ್ಚಳ ತಗದ ಕೂಡ್ಲೆ ಬಂತು.”

“ಮತ್ತ ಹೇಳಬಾರದೇನ್ರಿ?”

“ನೀವು ಹೇಳಿದ್ರೇನು?”

ಮನೆಗೆ ಹೋದರೆ ಹೆಂಡತಿ ದೀಪ ಹಿಡಿದು ನೋಡಿ, “ಈ ಕಡೆ ಜಿಲ್ಲಾ ಆಗೇತಿ, ಆ ಕಡೆ ಇನ್ನೂ ತಾಲೂಕ ಐತಿ” ಎಂದಳು. ಉಳಿದರ್ಧವನ್ನೂ ಬೋಳಿಸಿದೆ. ಮರುದಿನ ಚಷ್ಮಾ ಹಾಕಿಕೊಂಡು ಕೂತು, ಕಾಳು ಕಿತ್ತೆಸೆದು, ಒಂದೊಂದು ಸೀಸೆಗೂ ಗುಂಡಿ ಅಂಟಿಸಿದೆ. ಕೆಂಪಿಗೆ ನಾಲ್ಕು ತೂತಿನದು, ಹಸಿರಿಗೆ ಎರಡು ತೂತಿನದು. ಅಕ್ಕೋರು ಬರುವುದನ್ನು ಬಿಡಲಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ಗುಂಡಿಯನ್ನೂ ಎರಡೆರಡು ಸಲ ತಡವುತ್ತಿದ್ದರು, ಒಮ್ಮೆ ಗುಂಡಿಗಾಗಿ, ಒಮ್ಮೆ ನನಗಾಗಿ. ಹೊರಗೆ ಹೋಗಿ ಯಾರನ್ನಾದರೂ ನಿಲ್ಲಿಸಿ “ಇದು ಯಾವ ಬಣ್ಣ?” ಎಂದು ಖಾತ್ರಿ ಮಾಡಿಕೊಂಡೇ ಹೋಗುತ್ತಿದ್ದರು. ನನ್ನ ಮೀಸೆ ತಿಂಗಳಲ್ಲಿ ಬಂತು. ಇದು ಸರಿಹೋಗಲು ವರ್ಷಗಳೇ ಹಿಡಿದವು.

ಯಲಬುರ್ಗಾಕ್ಕೆ ವರ್ಗವಾದ ದಿನ ಟ್ರಂಕು, ಹಾರ್ಮೋನಿಯಂ ಸಮೇತ ನಮ್ಮ ಅಂಗಡಿಗೇ ಬಂದು ಬಸ್ಸು ಕಾದರು. ಹೊಸ್ತಿಲಲ್ಲಿ ನಿಂತು ಉಸಿರೆಳೆದುಕೊಂಡರು. “ಇವತ್ತ ಜಳಕ ಆಗೇತಿ” ಎಂದರು. ಬಸ್ಸು ಹಾರನ್ ಹೊಡೆಯುವಾಗ ಕೈ ಚಾಚಿದರು.

“ಒಂದು ಕೆಂಪು ಕೊಡ್ರಿ, ಸಾವ್ಕಾರ್ರ.”

ಕೊಟ್ಟೆ.

“ಕೆಂಪ ಹೌದಲ್ರಿ?”

“ಹೌದ್ರಿ ಅಕ್ಕಾರ. ನಿಮ್ಮವ್ವನ ಸೆರಗಿನದು.”

ಗುಂಡಿಯನ್ನು ಮುಟ್ಟದೆ ಸೀಸೆಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡರು. ಹೊರಗೆ ಯಾರನ್ನೂ ನಿಲ್ಲಿಸಿ ಕೇಳಲಿಲ್ಲ. ನೆಟ್ಟಗೆ ಹೋಗಿ ಬಸ್ಸು ಹತ್ತಿದರು.