ಕಬ್ಬಿನ ಹೊರೆ ತಪ್ಪಿಸಿದ ಅತ್ತೆ

ಗೆಳೆಯರೇ, ಇವತ್ತು ಮುಂಜಾನೆ ಅತ್ತೆಯವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಘೋಡಗೇರಿಯಿಂದ ಹುಕ್ಕೇರಿಗೆ ಹೊರಟಿದ್ದೆ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನಿಂದ ಕಬ್ಬಿನ ಹೊರೆಯೊಂದು ಜಾರಿ ರಸ್ತೆಯ ನಡುವೆ ಬಿತ್ತು. ಎಡಕ್ಕೆ ಬೇಕಾದಷ್ಟು ಜಾಗವಿತ್ತು. ಆದರೆ ನನ್ನ ಕಣ್ಣು ಆ ಹೊರೆಯಲ್ಲೇ ನೆಟ್ಟುಹೋಯಿತು. ಗಾಡಿಯೂ ನೇರವಾಗಿ ಅದರ ಕಡೆಗೇ ಓಡಿತು. ಬ್ರೇಕ್ ಹಿಡಿದಿದ್ದೆ, ಆದರೂ ಇನ್ನೇನು ಬಿದ್ದೆವು ಅನ್ನಿಸಿತು.

ಅತ್ತೆ ನನ್ನ ಕಿವಿಯ ಹತ್ತಿರವೇ ಕೂಗಿದರು: “ಕಬ್ಬ ನೋಡಬ್ಯಾಡ್ರಿ ಅಳಿಯಂದ್ರ! ಎಡಕ್ಕ ದಾರಿ ನೋಡ್ರಿ, ದಾರಿ!”

ನೋಡಿದೆ. ಗಾಡಿ ತಾನಾಗಿಯೇ ಎಡಕ್ಕೆ ವಾಲಿ, ಹೊರೆಯನ್ನು ಗೇಣಿನಷ್ಟು ಅಂತರದಲ್ಲಿ ದಾಟಿತು.

ಬೇವಿನ ಮರದ ಕೆಳಗೆ ನಿಲ್ಲಿಸಿ, ಹಿಂದೆ ಬರುವವರು ಬೀಳಬಾರದೆಂದು ಇಬ್ಬರೂ ಸೇರಿ ಹೊರೆಯನ್ನು ರಸ್ತೆಯಂಚಿಗೆ ಎಳೆದೆವು. ಅತ್ತೆಯವರ ಉಸಿರು ಸಹ ಏರಿರಲಿಲ್ಲ.

“ಅತ್ತಿ, ನಿಮಗಿದು ಹೆಂಗ ಗೊತ್ತಾತ್ರಿ?” ಎಂದೆ.

“ಮದಿವಿಗಿಂತ ಮೊದಲ ತವರೂರ ತುಕ್ಕಾನಟ್ಟ್ಯಾಗ ನಾನ ಚಕ್ಕಡಿ ಹೊಡೀತಿದ್ನಿರಿ,” ಎಂದರು, ಹೆಲ್ಮೆಟ್ ತೆಗೆದು ಸೆರಗು ಸರಿಮಾಡಿಕೊಳ್ಳುತ್ತ. “ಎತ್ತು ಎತ್ತಾಗ ನೋಡತೈತಿ, ಚಕ್ಕಡಿ ಅತ್ತಾಗ ಹೋಗತೈತಿ. ತಗ್ಗಿನ ಕಡೆ ನೋಡಿದ್ರ ತಗ್ಗಿಗೇ ಬೀಳೂದು.”

ಇಪ್ಪತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನೀವೂ ನೆನಪಿಟ್ಟುಕೊಳ್ಳಿ. ಆ ಮಾತಿನಲ್ಲಿ ಎತ್ತು ಯಾರು ಎಂದು ಮಾತ್ರ ನಾನು ಕೇಳಲು ಹೋಗಲಿಲ್ಲ.